ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ "ನಾಗರಕೋಲ್ ಲೇಸು": ಕೈಯಲ್ಲಿ ಹೆಣೆದದ್ದಾ, ಮಿಷಿನ್‌ದಾ? ಗೊತ್ತಿರೋರು ಹೇಳಿ

ಹಳೇಪೆಟ್ಟಿಗೆ (ಮೈಸೂರು)
ಎಲ್ರಿಗೂ ನಮಸ್ಕಾರ. ಹೋದ ವಾರ ಅಟ್ಟ ಕ್ಲೀನ್ ಮಾಡ್ತಾ ಇರ್ಬೇಕಾದ್ರೆ ನಮ್ಮಜ್ಜಿದು ಒಂದು ತಗಡಿನ ಬಿಸ್ಕೆಟ್ ಡಬ್ಬಿ ಸಿಕ್ತು, ಒಳಗೆ ಹಳೇ ಮಲ್ ಬಟ್ಟೇಲಿ ಸುತ್ತಿಟ್ಟ 14 ತುಂಡು ಲೇಸು. ಬಿಳೀದು, ಕೆಲವು ಟೀ ಬಣ್ಣಕ್ಕೆ ತಿರುಗಿವೆ. ಅದು ಅಜ್ಜಿದೂ ಅಲ್ಲ, ಅಜ್ಜಿಯ ಅತ್ತೇದು. ಅವರ ಯಜಮಾನ್ರು ತಿರುನೆಲ್ವೇಲಿ ಕಡೆ ರೈಲ್ವೇಲಿ ಗುಮಾಸ್ತರಾಗಿದ್ರಂತೆ, ಅಲ್ಲಿಂದ ತಂದದ್ದು. ಅಜ್ಜಿ ಯಾವಾಗ್ಲೂ "ನಾಗರಕೋಲ್ ಲೇಸು ಕಣೇ, ಮುಟ್ಟಬೇಡ" ಅಂತ ಗದರ್ತಿದ್ರು. ನಾವು ಮಕ್ಳು ಅದನ್ನ ಯಾವತ್ತೂ ಬಿಚ್ಚಿ ನೋಡಿದ್ದೇ ಇಲ್ಲ.

ಈಗ ನಾಗರಕೋಯಿಲ್ (ಕನ್ಯಾಕುಮಾರಿ ಹತ್ರದ ಊರು) ಲೇಸ್ ಅಂದ್ರೇನು ಅಂತ ಓದೋಕೆ ಕೂತೆ, ಓದ್ತಾ ಓದ್ತಾ ಒಂದು ಕಡೆ ಬಂದು ನಿಂತುಬಿಟ್ಟೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದೋಳು, ಭಾಷಾವಿಜ್ಞಾನದ ಪೇಪರ್‌ನಲ್ಲಿ ಕಾಲ್ಡ್‌ವೆಲ್ ಹೆಸರು ಎಷ್ಟು ಸಲ ಬೋರ್ಡ್ ಮೇಲೆ ಬರೆದಿದೀನೋ ಲೆಕ್ಕ ಇಲ್ಲ. 1856, ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ, ತಮಿಳು ತೆಲುಗು ಕನ್ನಡ ಮಲಯಾಳಂ ತುಳು ಎಲ್ಲಾ ಒಂದೇ ಮನೆತನ ಅಂತ ತೋರಿಸಿಕೊಟ್ಟೋರು. ಆ ಕಾಲ್ಡ್‌ವೆಲ್ ಹೆಂಡತಿ ಎಲಿಜಾ ಮಾಲ್ಟ್ ಅನ್ನೋರು ಲೇಸ್ ಹೆಣೆಯೋರು, ಊರ ಹೆಣ್ಮಕ್ಕಳಿಗೆ ಅದನ್ನ ಕಲಿಸಿದೋರು, ಅವರ ತಾಯಿ ಮಾರ್ಥಾ ಮಾಲ್ಟ್ ಅವರೇ ನಾಗರಕೋಯಿಲ್‌ಗೆ ಆ ವಿದ್ಯೆ ತಂದೋರು! ಮೂವತ್ತು ವರ್ಷ ಪಾಠ ಹೇಳಿದ ಪುಸ್ತಕದ ಮನೆಯಿಂದಾನೇ ನಮ್ಮ ಅಟ್ಟದ ಡಬ್ಬಿಗೆ ಒಂದು ದಾರ ಇತ್ತು ಅಂತ ಗೊತ್ತಾದಾಗ ಮೈ ಜುಮ್ ಅಂತು.

ಫೋಟೋ ಹಾಕಿದೀನಿ, 1ರಿಂದ 14. ಇದು ನಿಜವಾಗ್ಲೂ ಕೈದಾ? ತೊಳೀಬಹುದಾ? ಅಂಟುವಾಳ ಹಾಕಿ ತೊಳಿ ಅಂತ ಪಕ್ಕದ ಮನೆಯವರು ಹೇಳ್ತಿದಾರೆ.

ಡೆವನ್ ಕನ್ನಡತಿ
ಮೇಡಂ ಮೊದ್ಲು ಒಂದು ಮಾತು, ದಯವಿಟ್ಟು ತೊಳೀಬೇಡಿ. ಅಂಟುವಾಳ ಬೇಡ, ಸೀಗೆ ಬೇಡ, ಬ್ಲೀಚ್ ಅಂತೂ ಬೇಡವೇ ಬೇಡ, ಇಸ್ತ್ರಿ ಪೆಟ್ಟಿಗೆ ಹತ್ರಾನೂ ತರಬೇಡಿ. ಫೋಟೋ ನೋಡಿ ವಿವರವಾಗಿ ಬರೀತೀನಿ, ಸಂಜೆ ತನಕ ಟೈಮ್ ಕೊಡಿ. ನಾನಿರೋದು ಇಂಗ್ಲೆಂಡಿನ ಡೆವನ್‌ನಲ್ಲಿ, ಹೊನಿಟನ್ ಪಕ್ಕ, ಆರು ವರ್ಷದಿಂದ ದಿಂಬಿನ ಲೇಸ್ ಕಲೀತಿದೀನಿ. ಈ ಗುಂಪಿನಲ್ಲಿ ಇಂಥ ಪೋಸ್ಟ್ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.

ಕಸೂತಿ ಧಾರವಾಡ
ಭಾಳ ಛಲೋ ಐತ್ರಿ ಮೇಡಂ. 6ನೇ ಫೋಟೋದಾಗಿನ ಎಲಿ ಬಳ್ಳಿ ಎಷ್ಟ್ ಸಣ್ಣ ಐತಿ ನೋಡ್ರಿ. ಆದ್ರ ಒಂದು ಕೇಳ್ತೀನಿ, ಇದು ಕ್ರೋಶಾ ಅಲ್ಲೇನ್ರಿ? ನಮ್ಮ ಕಡೆ ಲೇಸ್ ಅಂದ್ರ ಕೊಕ್ಕಿ ಸೂಜೀಲೆ ಹಾಕೋದನ್ನೇ ಲೇಸ್ ಅಂತಾರ. ದಿಂಬಿನ ಲೇಸ್ ಅಂದ್ರ ಏನು, ದಿಂಬಿಗೆ ಹಚ್ಚೋ ಲೇಸಾ?

ಡೆವನ್ ಕನ್ನಡತಿ
ಒಳ್ಳೇ ಪ್ರಶ್ನೆ, ಅಲ್ಲಿಂದಾನೇ ಶುರು ಮಾಡ್ತೀನಿ. ದಿಂಬಿಗೆ ಹಚ್ಚೋದಲ್ಲ ಅಕ್ಕ, ದಿಂಬಿನ ಮೇಲೆ ಹೆಣೆಯೋದು. ಗಟ್ಟಿಯಾಗಿ ಹುಲ್ಲು ತುಂಬಿದ ದುಂಡನೆ ದಿಂಬು, ಅದರ ಮೇಲೆ ಡಿಸೈನ್ ಪ್ರಕಾರ ತೂತು ಚುಚ್ಚಿದ ದಪ್ಪ ಕಾಗದ (ಹಿಂದೆ ಚರ್ಮದ ಹಾಳೆ), ಆ ತೂತಿಗೆ ಗುಂಡುಸೂಜಿ ನೆಡ್ತಾ ಹೋಗ್ಬೇಕು. ದಾರ ಇರೋದು ಪೆನ್ಸಿಲ್‌ಗಿಂತ ಸಣ್ಣ ಮರದ ಕಡ್ಡಿಗಳಿಗೆ ಸುತ್ತಿ, ಅದಕ್ಕೆ ಬಾಬಿನ್ ಅಂತಾರೆ, ಹೊಲಿಗೆ ಮಿಷಿನ್ ಬಾಬಿನ್ ಅಲ್ಲ, ಇದು ಉದ್ದದ್ದು. ಕಡ್ಡಿ ಯಾವಾಗ್ಲೂ ಜೋಡಿ ಜೋಡಿ. ಕೈಗೆ ತಗೊಳ್ಳೋದು ಎರಡು ಜೋಡಿ, ಅಂದ್ರೆ ನಾಲ್ಕು. ಇಡೀ ವಿದ್ಯೇಲಿ ಇರೋದು ಎರಡೇ ಚಲನೆ. ಒಂದು ಅಡ್ಡ ಹಾಯಿಸೋದು, ನಡುವಿನ ಎರಡು ಕಡ್ಡಿಯಲ್ಲಿ ಎಡದ್ದನ್ನ ಬಲದ್ದರ ಮೇಲೆ. ಇನ್ನೊಂದು ತಿರುವೋದು, ಪ್ರತಿ ಜೋಡಿಯಲ್ಲಿ ಬಲದ್ದನ್ನ ಎಡದ್ದರ ಮೇಲೆ. ಅಷ್ಟೇ! ಅಡ್ಡ, ತಿರುವು, ಸೂಜಿ, ಅಡ್ಡ, ತಿರುವು. ಈ ಎರಡರಲ್ಲೇ ಗುಲಾಬಿ, ಚಿಟ್ಟೆ, ಜರೀಗಿಡದ ಎಲೆ ಎಲ್ಲಾ ಹುಟ್ಟುತ್ತೆ. ದಿಂಬಿಂದ ಸೂಜಿ ಕೀಳೋವರೆಗೂ ಕೆಳಗೆ ಬಟ್ಟೆ ಅನ್ನೋದೇ ಇರಲ್ಲ, ದಾರ ದಾರಕ್ಕೇ ಆತುಕೊಂಡು ನಿಂತಿರುತ್ತೆ.

ಕ್ರೋಶಾದಲ್ಲಿ ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ. ಇನ್ನೊಂದು ಸೂಜಿ ಲೇಸ್, ಬರೀ ಹೊಲಿಗೆ ಸೂಜೀಲಿ ಕಾಜಾ ಹೊಲಿಗೆ ಹಾಕ್ತಾ ಗಾಳೀಲೇ ಕಟ್ಟೋದು, ಇಟಲಿಯವರು ಅದನ್ನ "ಪುಂಟೋ ಇನ್ ಆರಿಯಾ" ಅಂದ್ರು, ಗಾಳಿಯಲ್ಲಿನ ಹೊಲಿಗೆ ಅಂತ.

ಮೊಬೈಲ್‌ನಲ್ಲಿ ಹತ್ತಿರದಿಂದ ಮ್ಯಾಕ್ರೋ ಫೋಟೋ ತೆಗೆದು ಹೀಗೆ ನೋಡಿ ಮೇಡಂ. ಎಲೆಯ ಒಳಭಾಗ ಪುಟ್ಟ ನೇಯ್ದ ಬಟ್ಟೆ ಥರ, ಒಂದರ ಮೇಲೊಂದು ಒಂದರ ಕೆಳಗೊಂದು ದಾರ ಹೋಗಿದ್ರೆ ದಿಂಬಿನ ಲೇಸು. ಸರಪಳಿ ಕುಣಿಕೆ ಕಂಡ್ರೆ ಕ್ರೋಶಾ. ಉದ್ದಕ್ಕೂ ಗೆರೆಗೆರೆಯಾಗಿ ಏಣು ಕಂಡು, ಹಿಂದುಗಡೆ ಕತ್ತರಿಸಿದ ದಾರದ ತುದಿ ಸಾಲಾಗಿ ಇದ್ರೆ ಮಿಷಿನ್. ಇನ್ನೊಂದು ಥರ ಮಿಷಿನ್ ಲೇಸ್ ಇದೆ, ರೇಷ್ಮೆ ಬಟ್ಟೆ ಮೇಲೆ ಕಸೂತಿ ಹಾಕಿ ಆಮೇಲೆ ಕೆಮಿಕಲ್‌ನಲ್ಲಿ ಬಟ್ಟೆನ ಕರಗಿಸಿಬಿಡ್ತಿದ್ರು, 1880ರ ದಶಕದ್ದು, ಅದರ ಅಂಚಲ್ಲಿ ಸಣ್ಣ ಜುಂಗು ಜುಂಗು ಇರುತ್ತೆ, ಯಾವ ದಾರ ಎಲ್ಲಿ ಶುರುವಾಯ್ತು ಅಂತ ಹಿಂಬಾಲಿಸೋಕೇ ಆಗಲ್ಲ.

ನಿಮ್ಮ 3, 11, 12 ಮಿಷಿನ್ ಅಂತ ಈ ಫೋಟೋದಲ್ಲೇ ಗೊತ್ತಾಗ್ತಿದೆ. 8, 9 ಕ್ರೋಶಾ. ಉಳಿದ ಒಂಬತ್ತೂ ದಿಂಬಿನ ಮೇಲೆ ಕೈಯಲ್ಲಿ ಹೆಣೆದದ್ದು ಅಂತ ನನಗೆ ಅನ್ಸುತ್ತೆ. 6 ನೋಡಿ ಕಣ್ಣು ತುಂಬಿ ಬಂತು.

ಹಳೇಪೆಟ್ಟಿಗೆ (ಮೈಸೂರು)
ಒಂಬತ್ತಾ?! ಈಗ್ಲೇ ನಮ್ಮ ಯಜಮಾನ್ರಿಗೆ ಓದಿ ಹೇಳಿದೆ. ಅಜ್ಜಿ ಇರ್ಬೇಕಿತ್ತು.

ಇತಿಹಾಸ ಮೇಷ್ಟ್ರು
ಮೇಡಂ, ನಾನು ತಿರುವಾಂಕೂರಿನ ಇತಿಹಾಸ ಸ್ವಲ್ಪ ಓದಿದೀನಿ, ಒಂದಷ್ಟು ಹಿನ್ನೆಲೆ ಹಾಕ್ತೀನಿ, ಉದ್ದ ಆಗುತ್ತೆ ಬೇಜಾರು ಮಾಡ್ಕೋಬೇಡಿ.

ಚಾರ್ಲ್ಸ್ ಮಾಲ್ಟ್ ಮತ್ತೆ ಮಾರ್ಥಾ ಮಾಲ್ಟ್ ದಂಪತಿ ಲಂಡನ್ ಮಿಷನರಿ ಸೊಸೈಟಿಯಿಂದ ನಾಗರಕೋಯಿಲ್‌ಗೆ ಬಂದದ್ದು 1819ರಲ್ಲಿ. ಅಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ ನಡೀತು, ಅದರ ಜೊತೆಗೇ 1820ರ ಆಸುಪಾಸಲ್ಲಿ ಮಾರ್ಥಾ ಲೇಸ್ ಕಲಿಸೋಕೆ ಶುರು ಮಾಡಿದ್ರು. ಅವರ ಮಗಳು ಎಲಿಜಾ ನಾಗರಕೋಯಿಲ್‌ನಲ್ಲೇ ಬೆಳೆದವಳು, ತಮಿಳು ಅವಳಿಗೆ ಮನೆ ಭಾಷೆಯಷ್ಟೇ ಸಲೀಸು. 1844ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಜೊತೆ ಮದುವೆಯಾಗಿ ತಿರುನೆಲ್ವೇಲಿ ಸೀಮೆಯ ಇಡೈಯಾಂಗುಡಿಗೆ ಹೋದಳು. ಅದು ತೇರಿ ಅಂತ ಕರೆಯೋ ಕೆಂಪು ಮರಳು ನೆಲದ ಸೀಮೆ, ತಾಳೆಮರ ಬಿಟ್ಟರೆ ಹೆಚ್ಚೇನೂ ಬೆಳೆಯದ ಕಡೆ. ತಾಯಿ ಕಲಿಸಿದ ಲೇಸನ್ನ ಅಲ್ಲೂ ಶುರು ಮಾಡಿದಳು, ಹೆಣ್ಮಕ್ಕಳ ಶಾಲೆಯನ್ನೂ ಕಟ್ಟಿದಳು. ತಿರುನೆಲ್ವೇಲಿ ಕಡೆಯಿಂದ ಬಂದ ಡಬ್ಬಿ ಅಂದ್ರೆ ಇಡೈಯಾಂಗುಡಿದೂ ಇರಬಹುದು, ನಾಗರಕೋಯಿಲ್‌ದೂ ಇರಬಹುದು.

ಒಂದು ವಿಷಯ ನಾವು ಕನ್ನಡಿಗರು ನೆನೆಸ್ಕೋಬೇಕು. ನಾಗರಕೋಯಿಲ್ ಆಗ ತಮಿಳುನಾಡಲ್ಲ, ತಿರುವಾಂಕೂರು ರಾಜ್ಯದ ದಕ್ಷಿಣ ತುದಿ. ಕನ್ಯಾಕುಮಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ, ನಮ್ಮ ಏಕೀಕರಣದ ದಿನಾನೇ.

ಈಗ ಮುಖ್ಯ ವಿಷಯ. ಆ ಕಾಲದ ತಿರುವಾಂಕೂರಲ್ಲಿ ಜೀತ, ಗುಲಾಮಿ ಎರಡೂ ಇತ್ತು. ಮನುಷ್ಯರನ್ನ ಹೊಲದ ಜೊತೆಗೆ ಮಾರೋದು ಒತ್ತೆ ಇಡೋದು. ಗುಲಾಮಗಿರಿ ಪೂರ್ತಿ ರದ್ದಾಗಿದ್ದು 1855ರಲ್ಲಿ. ಅದಕ್ಕೂ ಮೂರು ದಶಕ ಮೊದ್ಲು, ಗುಲಾಮ ಮನೆತನದ ಹುಡುಗೀರು ಲೇಸ್ ಹೆಣೆದು ಬಂದ ದುಡ್ಡಲ್ಲಿ ತಮ್ಮ ಬಿಡುಗಡೆಯನ್ನ ತಾವೇ ಕೊಂಡ್ಕೊಂಡ್ರು ಅನ್ನೋದು ಮಿಷನರಿಗಳ ಬರಹಗಳಲ್ಲಿ ಬರುತ್ತೆ. ಲೇಸ್ ಅಂದ್ರೆ ಶ್ರೀಮಂತರ ಕಾಲರಿಗೆ ಅಲಂಕಾರ ಅಂತ ಮಾತ್ರ ಅಂದ್ಕೊಂಡಿದ್ದೋನಿಗೆ ಇದನ್ನ ಓದಿದಾಗ ಅರ್ಧ ಗಂಟೆ ಬೇರೇನೂ ಓದೋಕಾಗ್ಲಿಲ್ಲ.

ಮಾಗಡಿ ರೋಡ್ ಹುಡುಗ
ಸರ್ ಒಂದು ಡೌಟು. ನಾಡಾರ್ ಹೆಣ್ಮಕ್ಕಳಿಗೆ ಮೈಮೇಲೆ ಬಟ್ಟೆ ಹಾಕೋಕೆ ಬಿಡ್ತಿರ್ಲಿಲ್ಲ ಅಂತ ಗಲಾಟೆ ಆಗಿತ್ತಲ್ಲ, ಅದು ಇದೇ ಊರು ಕಡೆಯಾ?

ಇತಿಹಾಸ ಮೇಷ್ಟ್ರು
ಹೌದಪ್ಪ, ಅದೇ ಸೀಮೆ, ಅದೇ ವರ್ಷಗಳು. ಕೆಳಜಾತಿ ಅಂತ ಕರೆಸ್ಕೊಂಡೋರು ಎದೆ ಮುಚ್ಚೋ ಹಾಗಿರ್ಲಿಲ್ಲ, ಅದು ಮೇಲ್ಜಾತಿಯವರ ಹಕ್ಕು ಅನ್ನೋ ಕಟ್ಟಳೆ. ಮಿಷನರಿ ಹೆಂಗಸರು ಕ್ರಿಶ್ಚಿಯನ್ನರಾದ ಹೆಣ್ಮಕ್ಕಳಿಗೆ ಕುಪ್ಪಾಯ ಅಂತ ಸಡಿಲವಾದ ರವಿಕೆ ಹೊಲಿಸಿ ಕೊಟ್ರು. 1822ರಿಂದ ಶುರುವಾಗಿ ಗಲಾಟೆ ಮೇಲೆ ಗಲಾಟೆ, ಸಂತೇಲಿ ಹೆಣ್ಮಕ್ಕಳ ರವಿಕೆ ಹರಿದದ್ದು, ಶಾಲೆಗೆ ಬೆಂಕಿ ಇಟ್ಟದ್ದು ಎಲ್ಲಾ ನಡೀತು. 1829ರಲ್ಲಿ ಒಂದು ಆಜ್ಞೆ ಬಂತು ಮೇಲುದ ಹಾಕೋ ಹಾಗಿಲ್ಲ ಅಂತ, ಕೊನೆಗೆ 1859ರ ಜುಲೈನಲ್ಲಿ ನಾಡಾರ್ ಹೆಂಗಸರು ಮೈ ಮುಚ್ಚಬಹುದು ಅಂತ ಘೋಷಣೆ ಆಯ್ತು, ಆಗ್ಲೂ ಮೇಲ್ಜಾತಿ ಹೆಂಗಸರ ಥರ ಹಾಕೋ ಹಾಗಿಲ್ಲ ಅಂತ ಷರತ್ತು ಸೇರಿಸಿ.

ಯೋಚನೆ ಮಾಡು, ತನ್ನ ಎದೆ ಮೇಲೆ ಒಂದು ತುಂಡು ಬಟ್ಟೆ ಹಾಕೋಕೆ ಹೊಡೆತ ತಿನ್ನಬೇಕಾದ ಕಾಲದಲ್ಲಿ ಅಲ್ಲಿನ ಹೆಣ್ಮಕ್ಕಳು ದಿಂಬಿನ ಮುಂದೆ ಕೂತು ಬೇರೆಯವರ ಗೌನಿನ ಕುತ್ತಿಗೆಪಟ್ಟಿಗೆ ಹೂಬಳ್ಳಿ ಹೆಣೀತಿದ್ರು.

ಕಸೂತಿ ಧಾರವಾಡ
ಮೇಷ್ಟ್ರ ನೀವು ಬರದಿದ್ದು ಓದಿ ಮನಸ್ಸಿಗೆ ಭಾಳ ಹತ್ತಿತ್ರಿ. ಆದ್ರ ನನಗ ಒಂದು ತಕರಾರು ಐತಿ. ಮಾರ್ಥಾ ಹೆಸರು ಗೊತ್ತೈತಿ, ಎಲಿಜಾ ಹೆಸರು ಗೊತ್ತೈತಿ. ಆ ಒಂಬತ್ತು ತುಂಡು ಹೆಣದಾಕಿ ಹೆಸರು? ಕಲಿಸಿದೋರ ಹೆಸರು ಬರೀತಾರ, ಹೆಣದೋರ ಹೆಸರು ಯಾರೂ ಬರಿಯೂದಿಲ್ಲ. ನಮ್ಮವ್ವ ನಲವತ್ತು ವರ್ಷ ಇಲಕಲ್ ಸೀರಿ ಮ್ಯಾಲೆ ಕಸೂತಿ ಹಾಕ್ಯಾಳ, ಗಾಂಟಿ, ಮುರ್ಗಿ, ನೇಗಿ, ಮೆಂತೆ ನಾಲ್ಕೂ. ಗೆರಿ ಹಾಕ್ಕೊಳ್ಳಲಾರದ, ಎಳಿ ಎಣಿಸಿ ಎಣಿಸಿ, ಗಂಟು ಇಲ್ಲದಂಗ, ಗಾಂಟಿ ಮುರ್ಗಿ ಅಂತೂ ಹಿಂದ ಮುಂದ ಎರಡೂ ಕಡೆ ಒಂದೇ ನಮೂನಿ ಕಾಣೋಹಂಗ. ಗೋಪುರ, ತೇರು, ತುಳಸಿ ಕಟ್ಟಿ, ಆನಿ ಅಂಬಾರಿ. ಸೀರಿ ಯಾರ್ಯಾರ ಮನ್ಯಾಗೋ ಅದಾವು, ಯಾರು ಹಾಕಿದ್ದು ಅಂದ್ರ "ಧಾರವಾಡದ್ದು" ಅಂತಾರ ಅಷ್ಟ. ಊರಿನ ಹೆಸರು ಉಳೀತು, ಅವ್ವನ ಹೆಸರು ಇಲ್ಲ. ನಿಮ್ಮ "ನಾಗರಕೋಲ್ ಲೇಸು"ನೂ ಹಂಗ ಆತಲ್ರಿ.

ಹಳೇಪೆಟ್ಟಿಗೆ (ಮೈಸೂರು)
ಅಕ್ಕ ನೀವು ಹೇಳಿದ್ದು ನೂರಕ್ಕೆ ನೂರು. ಅಜ್ಜಿ ಬಾಯಲ್ಲೂ ಊರಿನ ಹೆಸರೇ ಇದ್ದದ್ದು.

ಡೆವನ್ ಕನ್ನಡತಿ
ಈ ತಕರಾರು ಇಂಗ್ಲೆಂಡಲ್ಲೂ ಹಾಗೇ ಇದೆ ಅಕ್ಕ. 1840ರ ಫೆಬ್ರವರಿ 10ಕ್ಕೆ ವಿಕ್ಟೋರಿಯಾ ರಾಣಿ ಮದುವೆ ಆಯ್ತಲ್ಲ, ಆ ಲೇಸ್ ಮಾಡಿದ್ದು ನಮ್ಮನೆಯಿಂದ ಸ್ವಲ್ಪ ದೂರದ ಬಿಯರ್ ಅನ್ನೋ ಸಮುದ್ರದಂಡೆ ಊರಲ್ಲಿ. ಇನ್ನೂರಕ್ಕೂ ಹೆಚ್ಚು ಹೆಂಗಸರು 1839ರಲ್ಲಿ ತಿಂಗಳುಗಟ್ಟಲೆ ಕೂತು ಹೆಣೆದ್ರು. ಬಿಡಿ ಬಿಡಿ ಹೂ ಎಲೆ ಒಬ್ಬೊಬ್ಬರು ಮಾಡೋದು, ಆಮೇಲೆ ಎಲ್ಲಾ ಸೇರಿಸಿ ಜೋಡಿಸೋದು, ಹೊನಿಟನ್ ಲೇಸಿನ ಪದ್ಧತೀನೇ ಅದು. ಕೆಲಸದ ಉಸ್ತುವಾರಿ ನೋಡ್ಕೊಂಡ ಜೇನ್ ಬಿಡ್ನಿ ಅನ್ನೋಳ ಹೆಸರು ಉಳಿದಿದೆ. ಮಿಕ್ಕ ಇನ್ನೂರು ಜನ ಬರೀ "ಇನ್ನೂರು ಜನ". ಬೇರೆ ಯಾರೂ ನಕಲು ಮಾಡಬಾರದು ಅಂತ ಆ ಮಾದರಿ ಹಾಳೆಗಳನ್ನೂ ನಾಶ ಮಾಡಿದ್ರು. ರಾಣಿಗೆ ಆ ಲೇಸ್ ಮೇಲೆ ಎಷ್ಟು ಪ್ರೀತಿ ಅಂದ್ರೆ 1897ರ ವಜ್ರಮಹೋತ್ಸವದ ಫೋಟೋದಲ್ಲೂ ಅದನ್ನೇ ಹಾಕ್ಕೊಂಡಿದಾಳೆ.

ರಾಣಿ ಯಾಕೆ ಬೆಲ್ಜಿಯಂ ಲೇಸ್ ಬಿಟ್ಟು ಡೆವನ್ ಲೇಸ್ ತಗೊಂಡಳು ಅಂದ್ರೆ ಆ ಹೊತ್ತಿಗೆ ಇಲ್ಲಿನ ಲೇಸ್ ಹೆಂಗಸರು ಹಸಿವಲ್ಲಿದ್ರು. ಜಾನ್ ಹೀತ್‌ಕೋಟ್ ಅನ್ನೋನು 1808ರಲ್ಲಿ ಲೇಸಿನ ಹಿಂದಿನ ಬಲೆಯನ್ನ ಹೆಣೆಯೋ ಮಿಷಿನ್ ಕಂಡುಹಿಡಿದ. 1816ರಲ್ಲಿ ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಜನ 55 ಯಂತ್ರ ಪುಡಿ ಮಾಡಿದ್ರು, ಅವನು ಗಂಟುಮೂಟೆ ಕಟ್ಕೊಂಡು ಬಂದು ಕಾರ್ಖಾನೆ ಹಾಕಿದ್ದು ಟಿವರ್ಟನ್‌ನಲ್ಲಿ, ಅದೂ ಡೆವನ್ನೇ, ಹೊನಿಟನ್‌ಗೆ ಹತ್ತಿರ! ಕೈಯಲ್ಲಿ ತಿಂಗಳು ಹಿಡಿಯೋ ಬಲೆ ಮಿಷಿನ್‌ನಲ್ಲಿ ಗಜಗಟ್ಟಲೆ ಸುರೀತಿತ್ತು, ಹೆಂಗಸರಿಗೆ ಉಳಿದದ್ದು ಹೂ ಎಲೆ ಮಾಡಿ ಆ ಮಿಷಿನ್ ಬಲೆ ಮೇಲೆ ಹೊಲಿಯೋ ಕೆಲಸ. ಕೂಲಿನೂ ದುಡ್ಡಲ್ಲಿ ಕೊಡ್ತಿರ್ಲಿಲ್ಲ ಎಷ್ಟೋ ಕಡೆ, ವ್ಯಾಪಾರಿಯ ಅಂಗಡೀಲೇ ಸಾಮಾನು ತಗೋಬೇಕು, ರೇಟು ಅವನು ಹೇಳಿದ್ದು.

ಅಂದ್ರೆ ಮಾರ್ಥಾ ಮಾಲ್ಟ್ ನಾಗರಕೋಯಿಲ್‌ನಲ್ಲಿ ದಿಂಬು ಇಟ್ಕೊಂಡು ಪಾಠ ಹೇಳ್ತಿದ್ದ ಅದೇ ವರ್ಷಗಳಲ್ಲಿ ಅವಳ ದೇಶದಲ್ಲಿ ಈ ಕಸುಬು ಸಾಯ್ತಾ ಇತ್ತು. ಇದನ್ನ ನೆನೆಸ್ಕೊಂಡ್ರೆ ನನಗೆ ಏನೋ ಆಗುತ್ತೆ.

ಕುಡ್ಲದ ಟೈಲರ್
ಮಾರಾಯ್ರೆ ಎಂಥ ಚಂದದ ಚರ್ಚೆ. ನಮ್ಮ ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಬಂದು ನೇಯ್ಗೆ ಶುರು ಮಾಡಿದ್ರು, ಹಂಚಿನ ಫ್ಯಾಕ್ಟರಿ ಹಾಕಿದ್ರು 1865ರಲ್ಲಿ, ಅದರ ಕತೆ ಎಲ್ಲರಿಗೂ ಗೊತ್ತುಂಟು. ಕಿಟೆಲ್ ಕನ್ನಡ ನಿಘಂಟು 1894ರದ್ದು, ಅದೂ ಗೊತ್ತುಂಟು. ಕಾಲ್ಡ್‌ವೆಲ್ ನಮ್ಮ ತುಳು ಬಗ್ಗೆ ದ್ರಾವಿಡ ಭಾಷೆಗಳಲ್ಲೇ ಬಹಳ ಬೆಳೆದ ಭಾಷೆ ಅಂತ ಬರೆದದ್ದನ್ನು ಇಲ್ಲಿ ಪ್ರತಿ ಸಭೆಯಲ್ಲೂ ಹೇಳ್ತಾರೆ. ಆದ್ರೆ ಅವರ ಹೆಂಡತಿ ಲೇಸ್ ಕಲಿಸಿದ್ದು ಇವತ್ತೇ ಕೇಳಿದ್ದು ನಾನು.

ನನ್ನ ಅತ್ತೆ ಕ್ರೋಶಾದಲ್ಲಿ ಇಗರ್ಜಿಯ ಅಲ್ತಾರಿನ ಬಟ್ಟೆಗೆ ಅಂಚು ಹಾಕ್ತಿದ್ರು, ಒಂದು ಅಂಚಿಗೆ ಮಳೆಗಾಲ ಪೂರ್ತಿ. ಕರೆಂಟ್ ಇಲ್ಲದ ಕಾಲ, ಬಾಗಿಲ ಹತ್ರ ಕೂತು. ಕಣ್ಣು ಹೋಯ್ತು ಅವರದ್ದು ಐವತ್ತಕ್ಕೇ. ಡೆವನ್ ಅಕ್ಕ, ಹಿಂದಿನವರು ರಾತ್ರಿ ಹೇಗೆ ಮಾಡ್ತಿದ್ದದ್ದು ಅಷ್ಟು ಸಣ್ಣ ಕೆಲಸ?

ಡೆವನ್ ಕನ್ನಡತಿ
ಮೋಂಬತ್ತಿ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಡ್ತಿದ್ರು ಅಣ್ಣ, ಬೆಳಕು ಅದರೊಳಗೆ ಹಾದು ಒಂದು ಚುಕ್ಕೆಯಾಗಿ ದಿಂಬಿನ ಮೇಲೆ ಬೀಳುತ್ತೆ. ಒಂದೇ ಮೋಂಬತ್ತಿ ಸುತ್ತ ಬುರುಡೆ ಇಟ್ಟು ನಾಲ್ಕಾರು ಜನ ಕೂರ್ತಿದ್ರು. ದಾರ ಒಣಗಿ ತುಂಡಾಗಬಾರದು ಅಂತ ಹವೆ ತಂಪಾಗಿರೋ ಕಡೆ ಕೂರೋದು, ಒಲೆ ಹಚ್ಚಿದ್ರೆ ಮಸಿ ಕೂರುತ್ತೆ ಅಂತ ಚಳೀಲೂ ಬೆಂಕಿ ಇಲ್ಲದೆ ಕೂತೋರೂ ಇದ್ರು. ಐದಾರು ವರ್ಷದ ಮಕ್ಕಳನ್ನ ಲೇಸ್ ಶಾಲೆಗೆ ಹಾಕ್ತಿದ್ರು. ಹೊನಿಟನ್‌ನ ಆಲ್‌ಹ್ಯಾಲೋಸ್ ಮ್ಯೂಸಿಯಂನಲ್ಲಿ ಲೇಸ್ ಸಂಗ್ರಹ ಇದೆ, ಅಲ್ಲಿನ ಹಳೇ ಕಡ್ಡಿಗಳನ್ನ ನೋಡಿದ್ರೆ ಹಿಡಿದೂ ಹಿಡಿದೂ ಕನ್ನಡಿ ಥರ ನುಣುಪಾಗಿವೆ. ಡೆವನ್ ಕಡ್ಡಿ ತೆಳ್ಳಗೆ, ತುದಿ ಚೂಪು, ಯಾಕಂದ್ರೆ ಜೋಡಿಸುವಾಗ ಕಡ್ಡಿಯನ್ನೇ ದಾರದ ಕುಣಿಕೆಯೊಳಗೆ ತೂರಿಸ್ಬೇಕು. ಬೇರೆ ಸೀಮೆಯ ಕಡ್ಡಿಗೆ ತುದೀಲಿ ಮಣಿ ಪೋಣಿಸಿರ್ತಾರೆ, ಇದಕ್ಕಿಲ್ಲ.

ನಾನು ಒಂದು ಹೆಬ್ಬೆರಳುಗುರಿನ ಗಾತ್ರದ ಎಲೆ ಮಾಡೋಕೆ ಎರಡು ವೀಕೆಂಡ್ ತಗೋತೀನಿ. ಮೇಡಂ ಅವರ 6ನೇ ತುಂಡಲ್ಲಿ ಅಂಥ ಎಲೆ ಇಪ್ಪತ್ತಮೂರು ಎಣಿಸಿದೆ.

ಮಾಗಡಿ ರೋಡ್ ಹುಡುಗ
ನಾನೊಂದು ಬೇರೆ ಮಾತು ಹೇಳ್ಲಾ, ಬೇಜಾರಾಗ್ಬೇಡಿ ಯಾರೂ. ಮಿಷನರಿಗಳು ಒಳ್ಳೇದೇ ಮಾಡಿರ್ಬಹುದು ಆದ್ರೆ ಲೇಸ್ ಮಾರಿದ ದುಡ್ಡು ಪೂರ್ತಿ ಆ ಹುಡುಗೀರಿಗೆ ಹೋಗ್ತಿತ್ತಾ? ಶಾಲೆ ಖರ್ಚಿಗೆ ಹೋಗ್ತಿತ್ತು ಅಂತ ಎಲ್ಲೋ ಓದಿದೆ. ಆಂಧ್ರದ ನರಸಾಪುರದಲ್ಲೂ ಮಿಷನರಿಗಳೇ ಕಲಿಸಿದ ಕ್ರೋಶಾ ಲೇಸ್ ಇದೆ, ನಮ್ಮ ರೂಮ್‌ಮೇಟ್ ಅಮ್ಮ ಹಾಕ್ತಾರೆ, ವ್ಯಾಪಾರಿ ಕೊಡೋ ಕೂಲಿ ಕೇಳಿದ್ರೆ ಬೇಜಾರಾಗುತ್ತೆ.

ಇತಿಹಾಸ ಮೇಷ್ಟ್ರು
ಸರಿಯಾದ ಪ್ರಶ್ನೆ, ಕೇಳ್ಲೇಬೇಕು. ಶಾಲೆ ನಡೆಸೋಕೂ ಲೇಸ್ ದುಡ್ಡು ಬಳಕೆ ಆಗ್ತಿತ್ತು, ನಿಜ. ನರಸಾಪುರದ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕಾನೇ ಬರೆದ್ರು. ಅವರು ಹೇಳಿದ್ದು, ಲೇಸ್ ಹಾಕೋ ಹೆಂಗಸರು ದಿನಕ್ಕೆ ಆರೆಂಟು ಗಂಟೆ ದುಡೀತಿದ್ರೂ ಅವರನ್ನ ಕೆಲಸಗಾರರು ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, "ಮನೇಲಿ ಸುಮ್ನೆ ಕೂತಿರೋ ಗೃಹಿಣಿ, ಬಿಡುವಲ್ಲಿ ಹಾಕ್ತಾಳೆ" ಅಂತಾರೆ, ಆ ಒಂದು ಮಾತಿನಿಂದಾನೇ ಕೂಲಿ ಕಮ್ಮಿ ಕೊಡೋಕೆ ದಾರಿ ಆಗುತ್ತೆ. ಎಕ್ಸ್‌ಪೋರ್ಟ್ ಮಾಡೋರು ಗಂಡಸರು. 2024ರಲ್ಲಿ ನರಸಾಪುರ ಲೇಸಿಗೆ ಜಿಐ ಟ್ಯಾಗ್ ಬಂತು, ಸಂತೋಷಾನೇ. ಅದೂ ಊರಿನ ಹೆಸರಲ್ಲೇ.

ಆದ್ರೆ ಬಿಡುಗಡೆ ಕೊಂಡ್ಕೊಂಡ ಹುಡುಗೀರ ವಿಷಯಾನ ನಾನು ಸಣ್ಣದು ಮಾಡಲ್ಲ. ಬೇರೆ ಯಾವ ಕೆಲಸಕ್ಕೂ ಕೈಗೆ ಕಾಸು ಬರದ ಕಾಲದಲ್ಲಿ ಅವಳ ಬೆರಳಿಗೆ ಬೆಲೆ ಬಂತು. ಎರಡೂ ನಿಜ.

ಕಸೂತಿ ಧಾರವಾಡ
ಹೂಂ ಮೇಷ್ಟ್ರ, ಎರಡೂ ಖರೇನ. ಆದ್ರ ಹೆಸರಿನ ಮಾತು ನಾ ಬಿಡೂದಿಲ್ಲ.

ಡೆವನ್ ಕನ್ನಡತಿ
ಅಕ್ಕ ನಿಮ್ಮ ಹಟಕ್ಕೆ ಒಂದು ಕತೆ ಹೇಳ್ತೀನಿ, ಹೆಸರು ಉಳಿದವಳದ್ದು. ವೆನಿಸ್ ಪಕ್ಕ ಬುರಾನೋ ಅಂತ ಪುಟ್ಟ ದ್ವೀಪ, ಬೆಸ್ತರ ಊರು. ಗಂಡಸರು ಬಲೆ ನೇಯೋರು, ಹೆಂಗಸರು ಸೂಜಿ ಲೇಸ್ ಹೆಣೆಯೋರು, ಒಂದು ಕಾಲಕ್ಕೆ ಯೂರೋಪಿನ ರಾಜರೆಲ್ಲಾ ಅದನ್ನ ತರಿಸ್ಕೊಳ್ತಿದ್ರು. ಆಮೇಲೆ ಫ್ಯಾಷನ್ ಹೋಯ್ತು, ವೆನಿಸ್ ಗಣರಾಜ್ಯಾನೂ 1797ರಲ್ಲಿ ಬಿತ್ತು, ವಿದ್ಯೆ ಮರೆತೇಹೋಯ್ತು. 1872ರ ಚಳಿಗಾಲದಲ್ಲಿ ಹಿನ್ನೀರು ಹೆಪ್ಪುಗಟ್ಟಿ ಮೀನುಗಾರಿಕೆ ನಿಂತು ಊರು ಉಪವಾಸ ಬಿತ್ತು. ಆಗ ಪಾವೊಲೊ ಫಾಂಬ್ರಿ ಅನ್ನೋ ರಾಜಕಾರಣಿ ಮತ್ತೆ ಕೌಂಟೆಸ್ ಆಂಡ್ರಿಯಾನಾ ಮಾರ್ಚೆಲ್ಲೋ ಸೇರಿ ಲೇಸನ್ನ ಮತ್ತೆ ಎಬ್ಬಿಸೋಣ ಅಂದ್ರು. ಹುಡುಕಿದ್ರೆ ಹಳೇ ಹೊಲಿಗೆ ಗೊತ್ತಿದ್ದೋಳು ಊರಲ್ಲಿ ಒಬ್ಬಳೇ ಮುದುಕಿ, ಎಪ್ಪತ್ತು ದಾಟಿದ ವಿಂಚೆನ್ಸಾ ಮೆಮೋ, ಊರವರು ಕರೀತಿದ್ದದ್ದು ಚೆಂಚಾ ಸ್ಕಾರ್ಪರಿಯೋಲಾ. ಮಾಡೋದು ಗೊತ್ತು, ಹೇಳಿಕೊಡೋದು ಗೊತ್ತಿಲ್ಲ! ನಮ್ಮಜ್ಜಿಯರಿಗೆ ಹುಳಿ ಅಳತೆ ಕೇಳಿದ್ರೆ "ಕೈ ಅಂದಾಜು" ಅಂತಾರಲ್ಲ ಹಾಗೆ. ಶಾಲೆಯ ಟೀಚರ್ ಆನ್ನಾ ಬೆಲ್ಲೋರಿಯೋ ದೆಸ್ತೆ ಅನ್ನೋಳು ಮುದುಕಿಯ ಪಕ್ಕ ಕೂತು ಕೈ ನೋಡ್ತಾ ನೋಡ್ತಾ ಕಲಿತು, ತಾನು ಎಂಟು ಹುಡುಗೀರಿಗೆ ಕಲಿಸಿದಳು. ಆ ಲೇಸ್ ಶಾಲೆ 1970ರವರೆಗೂ ನಡೀತು, ಈಗ ಅದೇ ಕಟ್ಟಡ ಮ್ಯೂಸಿಯಂ.

ಐರ್ಲೆಂಡಲ್ಲೂ ಹೀಗೇ, ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂದ ಕಾಲದಲ್ಲಿ ಯಾಲ್ (Youghal) ಊರಿನ ಕಾನ್ವೆಂಟಿನ ಮದರ್ ಮೇರಿ ಆನ್ ಸ್ಮಿತ್ ಅನ್ನೋರು ಒಂದು ಹಳೇ ಇಟಾಲಿಯನ್ ಲೇಸ್ ತುಂಡನ್ನ ಎಳೆ ಎಳೆ ಬಿಚ್ಚಿ ನೋಡಿ ಹೊಲಿಗೆ ಕಲಿತು ಮಕ್ಕಳಿಗೆ ಹೇಳಿಕೊಟ್ರು. ಬಿಚ್ಚಿದ್ರೆ ಲೇಸ್ ಹಾಳಾಗುತ್ತೆ, ಬಿಚ್ಚದೇ ಇದ್ರೆ ವಿದ್ಯೆ ಸಿಗಲ್ಲ.

ಕಸೂತಿ ಧಾರವಾಡ
ಚೆಂಚಾ. ಬರಕೊಂಡೆ ನೋಡ್ರಿ ಹೆಸರ. ನಮ್ಮವ್ವಗ ನಾಳೆ ಹೇಳ್ತೀನಿ.

ಕುಡ್ಲದ ಟೈಲರ್
"ಮಾಡೋದು ಗೊತ್ತು ಹೇಳಿಕೊಡೋದು ಗೊತ್ತಿಲ್ಲ" ಅಂದದ್ದು ನೂರಕ್ಕೆ ನೂರು ಸತ್ಯ. ಅತ್ತೆ ಹೋಗುವ ಮೊದಲು ನಾನು ವೀಡಿಯೋ ತೆಗೆಯಬೇಕಿತ್ತು. ತೆಗೆದಿಲ್ಲ. ಈಗ ಒಂದು ಅಂಚು ಉಂಟು ಮನೆಯಲ್ಲಿ, ಅದನ್ನು ನೋಡಿಕೊಂಡು ಮಗಳು ಕಲೀತಾ ಇದ್ದಾಳೆ.

ಹಳೇಪೆಟ್ಟಿಗೆ (ಮೈಸೂರು)
ಎಲ್ರಿಗೂ ಅಪ್‌ಡೇಟ್. ಮಗನ ಮೊಬೈಲ್‌ಗೆ ಹಾಕೋ ಚಿಕ್ಕ ಲೆನ್ಸ್ ತಗೊಂಡು ನಿನ್ನೆ ಮಧ್ಯಾಹ್ನ ಪೂರ್ತಿ ಕಿಟಕಿ ಹತ್ರ ಕೂತಿದ್ದೆ. ಡೆವನ್ ಅವರು ಹೇಳಿದ ಹಾಗೇ ಒಂಬತ್ತರಲ್ಲೂ ದಾರ ಮೇಲೆ ಕೆಳಗೆ ನೇಯ್ದ ಹಾಗೆ ಕಾಣ್ತು. 6ನೇದರಲ್ಲಿ ಹದಿನಾಲ್ಕನೇ ಎಲೆ ಹತ್ರ ಒಂದು ತಿರುವು ತಪ್ಪಿದೆ, ಮಿಕ್ಕ ಎಲೆಗಳಲ್ಲಿ ಎರಡು ಸಲ ತಿರುವಿದ ಕಡೆ ಅಲ್ಲಿ ಒಂದೇ ಸಲ. ಅದಾದ್ಮೇಲಿನ ಎಲೆ ಮತ್ತೆ ಸರಿಯಾಗಿದೆ. ಯಾರೋ ಕರೆದ್ರೋ, ಮಗು ಅತ್ತಿತೋ, ಬೆಳಕು ಹೋಯ್ತೋ. ಆ ಜಾಗಾನ ಎಷ್ಟು ಹೊತ್ತು ನೋಡಿದೆ ಅಂತ ನನಗೇ ಗೊತ್ತಿಲ್ಲ. ಧಾರವಾಡದ ಅಕ್ಕ, ಹೆಸರು ಸಿಗ್ಲಿಲ್ಲ ನಿಜ, ಆದ್ರೆ ಅವಳ ಕೈ ಸಿಕ್ತು ಅಂತ ನನಗೆ ಅನ್ನಿಸ್ತು.

ಮತ್ತೆ ಈಗ ಹೇಗೆ ಇಡ್ಲಿ ಇದನ್ನ? ಅದೇ ತಗಡಿನ ಡಬ್ಬೀಲಿ ನುಸಿಗುಳಿಗೆ ಹಾಕಿ ಇಟ್ಟಿದ್ರು.

ಡೆವನ್ ಕನ್ನಡತಿ
ಮೇಡಂ... ಆ ಹದಿನಾಲ್ಕನೇ ಎಲೆ ಫೋಟೋ ದಯವಿಟ್ಟು ಹಾಕಿ.

ಇಡೋ ವಿಷಯ. ಡಬ್ಬಿ ಬೇಡ, ತುಕ್ಕು ಕಲೆ ಆಗುತ್ತೆ, ಒಳಗೆ ಗುಂಡುಸೂಜಿ ಪಿನ್ ಏನಾದ್ರೂ ಇದ್ರೆ ಇವತ್ತೇ ತೆಗೀರಿ. ನುಸಿಗುಳಿಗೆ ತಾಗೋ ಹಾಗೆ ಇಡಬೇಡಿ. ಪ್ಲಾಸ್ಟಿಕ್ ಕವರ್ ಬೇಡ, ನಮ್ಮೂರ ಹವೆಗೆ ಒಳಗೆ ನೀರು ಬೆವರಿ ಬೂಷ್ಟು ಹಿಡಿಯುತ್ತೆ. ಮಡಿಸಬೇಡಿ, ಮಡಿಕೇಲೇ ದಾರ ತುಂಡಾಗೋದು. ದಪ್ಪ ರಟ್ಟಿನ ಕೊಳವೆಗೆ ಗಂಜಿ ಹಾಕದೆ ಒಗೆದ ಹಳೇ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಲೇಸು ಸಡಿಲವಾಗಿ ಸುತ್ತಿ, ಮೇಲೆ ಮತ್ತೆ ಬಟ್ಟೆ. ಗಂಜಿ ಇದ್ರೆ ಬೆಳ್ಳಿ ಹುಳ ಬರುತ್ತೆ. ಬಿಸಿಲು ಬೇಡ. ವರ್ಷಕ್ಕೆರಡು ಸಲ ಬಿಚ್ಚಿ ಗಾಳಿಗೆ ನೋಡಿ. ಟೀ ಬಣ್ಣ ಹಾಗೇ ಇರ್ಲಿ, ಅದು ವಯಸ್ಸಿನ ಬಣ್ಣ. ಮತ್ತೆ ಒಂದು ಚೀಟಿ ಬರೆದಿಡಿ, ಯಾರದು, ಎಲ್ಲಿಂದ ಬಂತು, ಅಜ್ಜಿ ಏನಂತಿದ್ರು, ಎಲ್ಲಾ. ಪೆನ್ಸಿಲ್‌ನಲ್ಲಿ, ಇಂಕು ಬೇಡ.

ಕಸೂತಿ ಧಾರವಾಡ
ಚೀಟ್ಯಾಗ ಹದಿನಾಲ್ಕನೇ ಎಲಿ ಮಾತೂ ಬರೀರಿ ಮೇಡಂ. ಮುಂದಿನೋರು ಮಿಷ್ಟಿಕ್ ಅಂತ ಬಿಚ್ಚಿ ಸರಿ ಮಾಡಿಗಿಡ್ಯಾರು.

ನಮ್ಮವ್ವಗ ಎಲ್ಲಾ ಓದಿ ಹೇಳಿದೆ. "ಆ ಹುಡುಗಿ ಅವತ್ತು ಉಂಡಿದ್ದಿಲ್ಲ ಕಾಣಸ್ತದ" ಅಂದ್ಳು. ಆಮ್ಯಾಲ ಕಪಾಟಿನಾಗಿಂದ ತನ್ನ ಮದವಿ ಸೀರಿ ತಗದು ಸೆರಗಿನಾಗ ತಾನು ಎಲ್ಲಿ ತಪ್ಪಿದ್ದೆ ಅಂತ ತೋರಿಸಿದ್ಳು, ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲಂತ.

ಮಾಗಡಿ ರೋಡ್ ಹುಡುಗ
ಡೆವನ್ ಅಕ್ಕ ಡಿಸೆಂಬರ್‌ನಲ್ಲಿ ಊರಿಗೆ ಬರ್ತೀರಾ? ಬಂದ್ರೆ ಒಂದು ದಿನ ಮೈಸೂರಲ್ಲಿ ಸೇರೋಣ, ಮೇಡಂ ಮನೆಯಲ್ಲೋ ಎಲ್ಲೋ. ನಮ್ಮಕ್ಕ ಸೀರೆ ಕುಚ್ಚು ಹಾಕ್ತಾಳೆ, ಬೆರಳು ಭಾರಿ ಸ್ಪೀಡು, ಅವಳಿಗೆ ಇದನ್ನ ಕಲೀಬೇಕಂತೆ.

ಡೆವನ್ ಕನ್ನಡತಿ
ಬರ್ತೀನಿ! ಕಡ್ಡಿ ಐವತ್ತು ಜೋಡಿ ತರಬಹುದು, ಮರದ್ದು, ತೂಕ ಇರಲ್ಲ. ದಾರ, ಮಾದರಿ ಹಾಳೆ ನಾನೇ ತರ್ತೀನಿ. ದಿಂಬು ಮಾತ್ರ ವಿಮಾನದಲ್ಲಿ ತರೋಕಾಗಲ್ಲ, ಅಲ್ಲೇ ಮಾಡ್ಕೋಬೇಕು. ಒಣ ಹುಲ್ಲನ್ನ ಸಣ್ಣಗೆ ಕೊಚ್ಚಿ ಕಲ್ಲಿನ ಥರ ಗಟ್ಟಿಯಾಗಿ ತುಂಬಬೇಕು, ಸೂಜಿ ಅಲ್ಲಾಡಬಾರದು.

ಹಳೇಪೆಟ್ಟಿಗೆ (ಮೈಸೂರು)
ನಮ್ಮನೇಲೇ ಸೇರೋಣ, ಊಟ ನಂದು. ಧಾರವಾಡದ ಅಕ್ಕ, ನಿಮ್ಮ ಅಮ್ಮನ್ನೂ ಕರ್ಕೊಂಡು ಬನ್ನಿ, ಆ ಸೀರೆ ಸಮೇತ. ಭತ್ತದ ಹುಲ್ಲು ಆಗುತ್ತಾ ದಿಂಬಿಗೆ? ನಂಜನಗೂಡು ಹತ್ರ ನಮ್ಮ ತಮ್ಮನ ಗದ್ದೆ ಇದೆ, ಡಿಸೆಂಬರ್‌ಗೆ ಸರಿಯಾಗಿ ಕೊಯ್ಲಾಗುತ್ತೆ, ಎಷ್ಟು ಹೊರೆ ಬೇಕು ಹೇಳಿ.